ಕರೀ ಕೋಟು, ಮೂರು ದೋಸೆ

ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ನಗುವುದಕ್ಕೆ ಬಿಡುವಿರುವುದಿಲ್ಲ. ಈಗ ಆದದ್ದು ಏನೆಂದು ತಲೆಗೆ ಹೋಗುವ ಹೊತ್ತಿಗೆ ಇನ್ನೊಂದು ಆಗಿರುತ್ತದೆ. ನಾನು ಮೈಸೂರಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಕಾಫಿ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಿದ್ದ ಕಾಲಕ್ಕೆ ಊರಿಗೆ ಕರೆಂಟು ದೀಪ ಬಂದಿತ್ತು, ದೊಡ್ಡ ಗಡಿಯಾರ ಬಂದಿತ್ತು, ನಮ್ಮ ಹೋಟೆಲಿಗೆ ಬಿಲ್ಲಿನ ಚೀಟಿ ಮಾತ್ರ ಬಂದಿರಲಿಲ್ಲ. ಅದರ ಬದಲು ಬಡಿಸುವ ಭಟ್ಟರ ಗಂಟಲಿತ್ತು. ಗಿರಾಕಿ ಕೈ ತೊಳೆದು ಬಾಗಿಲ ಕಡೆ ಹೊರಟ ಕೂಡಲೇ ಭಟ್ಟರು ಒಳಗಿನಿಂದ ಆತನ ಉಡುಪನ್ನೂ ಆತ ತಿಂದದ್ದನ್ನೂ ಸೇರಿಸಿ ರಾಗವಾಗಿ ಕೂಗುತ್ತಿದ್ದರು: “ಜರಿ ಪೇಟ, ಎರಡಿಡ್ಲಿ, ಒಂದು ವಡೆ, ಒಂದು ಕಾಫಿ.” ನಾನು ಜರಿ ಪೇಟವನ್ನು ಹುಡುಕಿ ಅದರ ಮುಂದೆ ಕೈ ಚಾಚಬೇಕು. ಊರಿನ ಎಲ್ಲ ಹೋಟೆಲುಗಳಲ್ಲೂ ಇದೇ ಪದ್ಧತಿ.

ಇದರಿಂದ ಯಾರು ಏನು ತಿಂದರೆಂಬುದು ಇಡೀ ಗಲ್ಲಿಗೆ ಗೊತ್ತಾಗುತ್ತಿತ್ತು. ಅದು ಅವರ ಕಷ್ಟ. ನನ್ನ ಕಷ್ಟವೇ ಬೇರೆ. ಬೆಳಗಿನಿಂದ ಸಂಜೆಯವರೆಗೆ ಟೋಪಿ, ಕೋಟು, ಪೇಟ ನೋಡಿ ನೋಡಿ ನನಗೆ ಮನುಷ್ಯರ ಮುಖ ನೋಡುವ ಅಭ್ಯಾಸವೇ ತಪ್ಪಿಹೋಯಿತು. ಸ್ವಂತ ಸೋದರಮಾವ ಹೊಸ ಕೋಟು ಹಾಕಿಕೊಂಡು ಮನೆಗೆ ಬಂದರೆ, ಯಾರು ಬೇಕಾಗಿತ್ತು ಎಂದು ಕೇಳಿದವನು ನಾನು.

೧. ಐದು ಕರೀ ಕೋಟು

ಒಂದು ಮಧ್ಯಾಹ್ನ ಜೋರು ಮಳೆ. ಕೋರ್ಟಿನ ಬಿಡುವಿನಲ್ಲಿ ಐದು ಜನ ವಕೀಲರು ಒಟ್ಟಿಗೆ ಓಡಿ ಬಂದರು. ಐವರದೂ ಕರೀ ಕೋಟು, ಐವರದೂ ಬಿಳೀ ರುಮಾಲು, ಐವರ ಕೈಯಲ್ಲೂ ಛತ್ರಿ. ಅವರು ತಿಂದು ಎದ್ದಾಗ ಭಟ್ಟರು ಒಂದೇ ಉಸಿರಿನಲ್ಲಿ ಐದು ಸಲ “ಕರೀ ಕೋಟು” ಎಂದು ಕೂಗಿದರು. ಒಂದು ಕೋಟಿಗೆ ಮೂರು ಮಸಾಲೆ ದೋಸೆ, ಇನ್ನೊಂದು ಕೋಟಿಗೆ ಬರೀ ಕಾಫಿ, ಉಳಿದವು ನಡುವೆ. ಯಾವ ಕೋಟು ಯಾವುದೆಂದು ನನಗೆ ಬಗೆಹರಿಯಲಿಲ್ಲ. ನೀವೇ ಹೇಳಿಬಿಡಿ ಸ್ವಾಮಿ ಅಂದೆ.

ವಕೀಲರನ್ನು ಹಾಗೆ ಕೇಳಬಾರದಿತ್ತು. ಬರೀ ಕಾಫಿಯ ಕೋಟು ತಮ್ಮದೆಂದು ಐವರೂ ಹೇಳಿದರು. ಹಾಗಾದರೆ ಮೂರು ದೋಸೆ ಯಾರದೆಂದು ವಾದ ಎದ್ದಿತು. ಒಬ್ಬರು ಇನ್ನೊಬ್ಬರ ಮೀಸೆಗೆ ಅಂಟಿದ್ದ ಚಟ್ನಿಯನ್ನು ಸಾಕ್ಷಿಯಾಗಿ ತೋರಿಸಿದರು. ಮೀಸೆಯವರು, ಇದು ಬೆಳಿಗ್ಗೆ ಮನೆಯಲ್ಲಿ ತಿಂದ ಚಟ್ನಿ, ಈ ವ್ಯವಹಾರಕ್ಕೆ ಸಂಬಂಧಪಟ್ಟದ್ದಲ್ಲ ಅಂದರು. ಅವರಲ್ಲಿ ಹಿರಿಯರು ಭಟ್ಟರನ್ನು ಎದುರಿಗೆ ನಿಲ್ಲಿಸಿಕೊಂಡು, ದೋಸೆ ಹಾಕುವಾಗ ನೀವು ಗಿರಾಕಿಯ ಎಡಕ್ಕಿದ್ದಿರೋ ಬಲಕ್ಕಿದ್ದಿರೋ ಎಂದು ಪಾಟೀಸವಾಲು ಹಾಕಿದರು. ಭಟ್ಟರು ಗಾಬರಿಬಿದ್ದು, ಇವತ್ತು ನಾನು ದೋಸೆಯನ್ನೇ ಹಾಕಿಲ್ಲ ಸ್ವಾಮಿ ಅಂದುಬಿಟ್ಟರು.

ಮಳೆ ನಿಂತರೂ ವಾದ ನಿಲ್ಲಲಿಲ್ಲ. ಕೊನೆಗೆ ಬಾಗಿಲ ಹತ್ತಿರ ನೆನೆದು ನಿಂತಿದ್ದ ಒಬ್ಬ ರೈತ, ಅವರದೇ ಕಕ್ಷಿಗಾರ, ಸೊಂಟದ ಚೀಲ ಬಿಚ್ಚಿಕೊಂಡು ನನ್ನ ಹತ್ತಿರ ಬಂದ.

“ಐದು ಜನದ್ದೂ ನಾನೇ ಕೊಟ್ಬುಡ್ತೀನಿ ತಕ್ಕೊಳ್ಳಿ. ಎಂಗಿದ್ರೂ ಕೊನೇಗೆ ಕೊಡೋನು ನಾನೇ. ಇದುಕ್ಕೂ ಒಂದು ವಾಯಿದೆ ಬೀಳೋದು ಬ್ಯಾಡ.”

೨. ಕಂಬಳಿ

ಬೋಗಾದಿಯ ಕಡೆಯ ಒಬ್ಬ ಯಜಮಾನ ಮಾರ್ಕೆಟ್ಟಿಗೆ ಅವರೇಕಾಯಿ ಹಾಕಿ, ಜನ್ಮದಲ್ಲಿ ಮೊದಲ ಸಲ ಹೋಟೆಲು ನೋಡೋಣವೆಂದು ಬಂದ. ಜಗಲಿಯ ಬೆಂಚಿನ ಮೇಲೆ ಕೂತು ಮೂರು ದೋಸೆ ತಿಂದ. ಎದ್ದು ಹೊರಡುವಾಗ ಭಟ್ಟರು ಎಂದಿನಂತೆ “ಕಂಬಳಿ, ಮೂರು ದೋಸೆ” ಎಂದು ಕೂಗಿದರು. ನಾನೂ ಎಂದಿನಂತೆ ಕೈ ಚಾಚಿ, ಕೊಡಿ ಯಜಮಾನರೇ ಅಂದೆ.

ಆತ ಹೆಗಲ ಮೇಲಿನ ಕಂಬಳಿಯನ್ನು ಬಿಗಿಯಾಗಿ ಹಿಡಿದುಕೊಂಡ. ಭಟ್ಟರನ್ನು ನೋಡಿದ, ನನ್ನನ್ನು ನೋಡಿದ, ನನ್ನ ಚಾಚಿದ ಕೈಯನ್ನು ನೋಡಿದ. ತಿಂದಮೇಲೆ ಕೊಡಬೇಕಲ್ಲವೇ ಎಂದು ನಾನು ಬುದ್ಧಿ ಹೇಳಿದೆ. ಪಟ್ಟಣದ ವ್ಯಾಪಾರವೇ ಹೀಗೆಂದು ಅವನಿಗೆ ಅನ್ನಿಸಿರಬೇಕು. ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆದು ನೋಡುತ್ತಾ ಬಹಳ ಹೊತ್ತು ಯೋಚನೆ ಮಾಡಿದ. ಆಮೇಲೆ ತಿರುಗಿ ಹೋಗಿ ಅದೇ ಬೆಂಚಿನ ಮೇಲೆ ಕೂತ.

“ಮೂರಕ್ಕೆ ಗಿಟ್ಟಲ್ಲ ಕಣ್ರೀ, ಒಸಾ ಕಂಬ್ಳಿ. ಇನ್ನೆರಡು ದೋಸೆ ಆಕ್ಸಿ, ಬುಟ್ಬುಟ್ಟು ಓಯ್ತೀನಿ.”

೩. ಪರದೆಯ ಹಿಂದಿನ ಕೈ

ಇನ್ನು ಪಂಡಿತರ ವಿಷಯ. ಅವರು ಅಗ್ರಹಾರದಲ್ಲಿದ್ದವರು, ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು. ಅವರ ಮನೆಯ ಅಂಗಳಕ್ಕೂ ಈರುಳ್ಳಿ ಬರುವಂತಿರಲಿಲ್ಲ. ಆದರೆ ನಮ್ಮ ಈರುಳ್ಳಿ ದೋಸೆ ಅವರನ್ನು ಹೇಗೋ ಹಿಡಿದುಬಿಟ್ಟಿತ್ತು. ಶಾಲನ್ನು ತಲೆಯ ಮೇಲೆ ಹೊದ್ದು ಹಿತ್ತಲ ಬಾಗಿಲಿಂದ ಬಂದು, ಗಲ್ಲಾದ ಪಕ್ಕದ ಪರದೆ ಕೋಣೆಯಲ್ಲಿ ಕೂರುತ್ತಿದ್ದರು. ತಿಂದಾದ ಮೇಲೆ ಪರದೆಯ ಸಂದಿಯಿಂದ ದುಡ್ಡು ಹಿಡಿದ ಕೈ ಮಾತ್ರ ಹೊರಗೆ ಬರುತ್ತಿತ್ತು.

ಇಷ್ಟೆಲ್ಲ ಜೋಪಾನ ಮಾಡಿದರೇನು, ಭಟ್ಟರು “ಪಂಡಿತರ ಶಾಲು, ಎರಡು ಈರುಳ್ಳಿ ದೋಸೆ” ಎಂದು ಕೂಗಿದರೆ ಹೊರಗೆ ಸೊಪ್ಪು ಕೊಳ್ಳುತ್ತಿದ್ದ ಅಗ್ರಹಾರದವರೆಲ್ಲ ತಲೆ ಎತ್ತುತ್ತಿದ್ದರು. ಪಂಡಿತರಿಗೆ ಮದುವೆಗೆ ಬಂದ ಮಗಳೊಬ್ಬಳಿದ್ದಳು. ಒಂದು ಒಳ್ಳೆಯ ಸಂಬಂಧ ಈ ಕೂಗಿನಿಂದಲೇ ತಪ್ಪಿಹೋಗಿತ್ತು. ಈಗ ನಂಜನಗೂಡಿನ ಕಡೆಯಿಂದ ಇನ್ನೊಂದು ಕೂಡಿಬರುತ್ತಿತ್ತು. ಹುಡುಗನ ತಂದೆ ಮನೆಯಿಂದಾಚೆ ನೀರನ್ನೂ ಮುಟ್ಟದ ವೈದಿಕರಂತೆ. ಪಂಡಿತರು ಒಂದು ದಿನ ಪರದೆಯ ಒಳಗಿನಿಂದಲೇ ನನ್ನ ಹತ್ತಿರ ಗೋಳು ತೋಡಿಕೊಂಡರು. ಇದೂ ತಪ್ಪಿಹೋದರೆ ಮಗುವಿನ ಗತಿ ಏನಪ್ಪಾ ಅಂದರು.

ದೋಸೆ ಬಿಟ್ಟುಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಕೂಗಬೇಡಿ ಎಂದು ಭಟ್ಟರನ್ನು ಕೇಳಿದರೆ, ಕೂಗದಿದ್ದರೆ ನನಗೆ ಲೆಕ್ಕವೇ ನಿಲ್ಲುವುದಿಲ್ಲ ಅಂದರು. ಕೊನೆಗೆ ಪಂಡಿತರೇ ಉಪಾಯ ಹೇಳಿದರು. ಮೈಸೂರಿನಲ್ಲಿ ಯಾರೂ ಕೆಂಪು ಮಫ್ಲರು ಸುತ್ತಿಕೊಳ್ಳುವುದಿಲ್ಲ. ಇನ್ನು ಮುಂದೆ ತಮ್ಮನ್ನು ಕೆಂಪು ಮಫ್ಲರು ಎಂದು ಕೂಗಲಿ.

ಮಾರನೆಯ ದಿನ ಭಟ್ಟರು “ಕೆಂಪು ಮಫ್ಲರು, ಎರಡು ಈರುಳ್ಳಿ ದೋಸೆ” ಎಂದು ಕೂಗಿದರು. ನಾನು ಒಪ್ಪಂದವನ್ನು ಮರೆತು ಹೋಟೆಲೆಲ್ಲ ಮಫ್ಲರು ಹುಡುಕಿದೆ. ಸಿಗದೆ ಬೀದಿಗೆ ಓಡಿ ನೋಡಿ ಬಂದೆ. ಹಿಂದಿರುಗಿದರೆ ಪಂಡಿತರೇ ಪರದೆ ಸರಿಸಿ, ತಲೆ ಹೊರಗೆ ಹಾಕಿ, ಯಾರಪ್ಪ ಅದು ಕೆಂಪು ಮಫ್ಲರು ಎಂದು ಇಣುಕುತ್ತಿದ್ದರು.

೪. ನಿಜವಾದ ಮಫ್ಲರು

ಆದರೆ ಮೈಸೂರಿನಲ್ಲಿ ಒಬ್ಬರ ಹತ್ತಿರ ಕೆಂಪು ಮಫ್ಲರು ಇತ್ತು. ಅವರು ಚರ್ಚಿನ ಹತ್ತಿರದ ಹಳೆಯ ಕ್ರಿಶ್ಚಿಯನ್ ಕುಟುಂಬದವರು, ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದರು. ಅವರ ಹಬ್ಬಕ್ಕೆ ಮೊದಲು ಬರುವ ಶುಭ ಶುಕ್ರವಾರದಂದು ಮನೆಮಂದಿಯೆಲ್ಲ ಉಪವಾಸ. ಅಂದೇ ಅವರು ಗಂಟಲು ಕಟ್ಟಿದೆಯೆಂದು ಮಫ್ಲರು ಸುತ್ತಿಕೊಂಡು ನಮ್ಮಲ್ಲಿಗೆ ಬಂದು, ಬಾಯಿ ಮುಕ್ಕಳಿಸುವುದಕ್ಕೆ ಒಂದು ಲೋಟ ಬಿಸಿನೀರು ಕೇಳಿ ತೆಗೆದುಕೊಂಡರು. ಪರದೆಯ ಹಿಂದೆ ಪಂಡಿತರು ಅದೇ ಹೊತ್ತಿಗೆ ಎದ್ದರು.

“ಕೆಂಪು ಮಫ್ಲರು, ಎರಡು ಈರುಳ್ಳಿ ದೋಸೆ, ಒಂದು ಪಕೋಡ, ಒಂದು ಕಾಫಿ.”

ಬ್ಯಾಂಡಿನವರು ಹೊಸಲು ದಾಟುತ್ತಿದ್ದರು. ಚರ್ಚಿಗೆ ಹೊರಟಿದ್ದ ಅವರ ಅತ್ತೆ ಬೀದಿಯಲ್ಲಿ ಎದುರಾಗಿ ನಿಂತಿದ್ದರು. ಆಕೆ ಅಳಿಯನ ಮಫ್ಲರನ್ನು ಮೇಲಿಂದ ಕೆಳಗೆ ನೋಡಿದರು. ನಾನು ಗಲ್ಲಾ ಬಿಟ್ಟು ಓಡಿಹೋಗಿ, ಇವರು ಬರೀ ನೀರು ಮುಕ್ಕಳಿಸಿದರು ಕಣಮ್ಮ, ತಿಂದ ಮಫ್ಲರು ಬೇರೆ ಅಂದೆ. ಎಲ್ಲಿ ತೋರಿಸು ಅಂದರು. ತೋರಿಸುವುದು ಹೇಗೆ? ಒಳಗಿದ್ದ ಮಫ್ಲರಿಗೆ ಮಫ್ಲರೇ ಇರಲಿಲ್ಲ. ನಾನು ಏನೇನೋ ತೊದಲಿದೆ, ಪರದೆ ಉಸಿರಾಡುವುದನ್ನೇ ನಿಲ್ಲಿಸಿತು, ಬ್ಯಾಂಡಿನವರು ಗಂಟಲು ಕಟ್ಟಿದ್ದರಿಂದ ಜೋರಾಗಿ ವಾದಿಸಲೂ ಆಗದೆ ಅತ್ತೆಯ ಹಿಂದೆ ತಲೆತಗ್ಗಿಸಿಕೊಂಡು ಹೋದರು.

ಹಬ್ಬ ಕಳೆದ ಸೋಮವಾರ ಅವರು ಬೆಳಿಗ್ಗೆಯೇ ಬಂದು ಕೂತರು. ಏನು ಕೊಡಲಿ ಎಂದು ಭಟ್ಟರು ಅಳುಕುತ್ತಾ ಕೇಳಿದರು.

“ಎರಡು ಈರುಳ್ಳಿ ದೋಸೆ, ಒಂದು ಪಕೋಡ, ಒಂದು ಕಾಫಿ. ಬೈಸ್ಕೊಂಡದ್ದು ಆಗಿದೆ, ತಿನ್ನೋದೊಂದು ಉಳ್ಕೊಂಡಿದೆ.”

೫. ಮಡಿಯ ಉಪ್ಪಿಟ್ಟು

ಒಂದು ದಿನ ಬರೀ ಮೈಯಲ್ಲಿದ್ದ ಒಬ್ಬರು ಮುಂಬಾಗಿಲಿಂದ ಏದುಸಿರು ಬಿಡುತ್ತಾ ನುಗ್ಗಿ ಬಂದರು. ಒಳಗೆ ಜಾಗ ಇದೆ ಕೂತುಕೊಳ್ಳಿ ಅಂದೆ. ನಾನಯ್ಯಾ ಅಂದರು. ಧ್ವನಿ ಕೇಳಿದ ಮೇಲೇ ಪಂಡಿತರೆಂದು ತಿಳಿದದ್ದು, ಶಾಲು ಇರಲಿಲ್ಲವಲ್ಲ. ನಾಳೆ ಹೆಣ್ಣು ನೋಡಲು ಬರಬೇಕಾದವರು ಇವತ್ತೇ ರೈಲಿಳಿದು ಛತ್ರದಲ್ಲಿ ಸ್ನಾನ ಮಾಡುತ್ತಿದ್ದಾರೆ. ಮನೆಯಾಕೆ ಹೊರಗೆ ಕೂತಿದ್ದಾರೆ, ಮೂರು ದಿನ ಒಲೆ ಮುಟ್ಟುವಂತಿಲ್ಲ. ಮಗಳು ಹೆದರಿಕೆಯಲ್ಲಿ ರವೆ ಸೀಯಿಸಿದ್ದಾಳೆ.

“ನನ್ನ ಮಾನ ನಿನ್ನ ಕೈಯಲ್ಲಿದೆ. ಈರುಳ್ಳಿ ಮಾತ್ರ ಹಾಕಿಸಬೇಡ.”

ಉಪ್ಪಿಟ್ಟು, ಕೇಸರಿಭಾತು, ಕಾಫಿಯ ಪಾತ್ರೆಗಳನ್ನು ಹೊತ್ತು ಭಟ್ಟರೂ ನಾನೂ ಪಂಡಿತರ ಹಿತ್ತಲಿಂದ ಒಳಗೆ ಹೋದೆವು. ಮಡಿಯಲ್ಲಿ ಬಡಿಸುವವರು ಯಾರೂ ಇಲ್ಲದ್ದರಿಂದ ಭಟ್ಟರಿಗೆ ಮಡಿಪಂಚೆ ಉಡಿಸಿ, ಊರಿಂದ ಬಂದ ದೂರದ ನೆಂಟರು ಎನ್ನುವುದೆಂದಾಯಿತು. ನಾನೂ ನೆಂಟನೇ. ಎಲ್ಲಿ ಕೂರಬೇಕೆಂದು ತೋಚದೆ ಮುಂಬಾಗಿಲ ಪಕ್ಕದಲ್ಲಿ ಪಂಡಿತರು ಬರೆಯುವ ಮೇಜಿನ ಹಿಂದೆ ಹೋಗಿ ಕೂತೆ.

ಹುಡುಗ ಮತ್ತು ಅವನ ತಂದೆ ಬಂದರು. ತಂದೆಯ ಮೈಮೇಲೆ ವಿಭೂತಿ, ಸೊಂಟಕ್ಕೆ ಜರಿ ಪಂಚೆ. ಕೂರುವ ಮೊದಲೇ, ನಾನು ಹೊರಗೆ ನೀರೂ ಮುಟ್ಟುವವನಲ್ಲ, ಮಡಿಯಲ್ಲಿ ಮಾಡಿದ್ದು ತಾನೆ ಎಂದು ಕೇಳಿದರು. ಮಗಳು ತನ್ನ ಕೈಯಾರೆ ಮಾಡಿದ್ದು ಎಂದು ಪಂಡಿತರು ನೆಲ ನೋಡಿಕೊಂಡು ಹೇಳಿದರು. ಬಾಗಿಲ ಹಿಂದೆ ಮಗಳ ಬಳೆ ಸದ್ದಾಯಿತು. ಭಟ್ಟರು ಉಪ್ಪಿಟ್ಟು ಬಡಿಸಿದರು. ಬೀಗರಾಗಬೇಕಾದವರು ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಭಟ್ಟರ ಮುಖ ನೋಡಿದರು, ಎಲೆ ನೋಡಿದರು, ಏನೋ ಜ್ಞಾಪಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿದರು. ಸಂಬಂಧ ಮುರಿಯಿತು ಎಂದುಕೊಂಡೆ. ಅವರು ಕಣ್ಣು ಬಿಟ್ಟು, ಇನ್ನೊಂದು ಸಲ ಹಾಕಿ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಹೇಗೋ ಎಲ್ಲ ಮುಗಿಯಿತು. ಹುಡುಗಿ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಹುಡುಗನಿಗೆ ಮನಸ್ಸಾಗಿರುವುದು ನನ್ನಂಥವನಿಗೂ ಕಾಣುತ್ತಿತ್ತು. ಅವನ ತಂದೆ ಹಿತ್ತಲಿಗೆ ಹೋಗಿ ಕೈ ತೊಳೆದು, ಅಂಗವಸ್ತ್ರದಲ್ಲಿ ಒರೆಸಿಕೊಳ್ಳುತ್ತಾ ಮುಂಬಾಗಿಲ ಕಡೆ ಹೊರಟರು. ಅಷ್ಟೇ ಸಾಕಾಯಿತು ಭಟ್ಟರಿಗೆ. ಅಡಿಗೆಮನೆಯ ಬಾಗಿಲಿಂದ ಮನೆಯ ತೊಲೆ ನಡುಗುವ ಹಾಗೆ ಕೂಗಿದರು:

“ಜರಿ ಪಂಚೆ, ಎರಡುಪ್ಪಿಟ್ಟು, ಒಂದು ಕೇಸರಿಭಾತು, ಒಂದು ಕಾಫಿ.”

ನನ್ನ ಕೈ ತಾನಾಗಿ ಮುಂದೆ ಹೋಯಿತು. ಹುಡುಗನ ತಂದೆ ನಡೆಯುವುದನ್ನು ನಿಲ್ಲಿಸದೆ, ನನ್ನ ಕಡೆ ನೋಡದೆ, ಸೊಂಟಕ್ಕೆ ಸಿಕ್ಕಿಸಿದ್ದ ಚೀಲಕ್ಕೆ ಕೈ ಹಾಕಿ, ಸರಿಯಾಗಿ ಎಷ್ಟಾಗುತ್ತದೋ ಅಷ್ಟನ್ನು ನನ್ನ ಅಂಗೈಯಲ್ಲಿಟ್ಟು ಹೊಸಲು ದಾಟಿದರು. ಹೊಸಲಿನಾಚೆ ಹೋದ ಮೇಲೆ ನಿಂತರು. ಮೆಲ್ಲಗೆ ತಿರುಗಿದರು.

ಹುಡುಗ ಅಪ್ಪನನ್ನೇ ನೋಡುತ್ತಿದ್ದ. ಪಂಡಿತರು ಒಮ್ಮೆ ಭಟ್ಟರನ್ನು, ಒಮ್ಮೆ ನನ್ನ ಅಂಗೈಯನ್ನು, ಒಮ್ಮೆ ಬೀಗರನ್ನು ನೋಡಿದರು. ಬಾಗಿಲ ಹಿಂದೆ ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಾನು ಆಗ ಮೊದಲ ಸಲ ಬೀಗರ ಮುಖ ನೋಡಿದೆ. ವಿಭೂತಿ ಅಳಿಸಿ ಕಂದು ಕೋಟು ಹಾಕಿದರೆ, ಅವರ ಜಮೀನಿನ ವ್ಯಾಜ್ಯ ಕೋರ್ಟಿಗೆ ಬಂದ ದಿನವೆಲ್ಲ ನಮ್ಮಲ್ಲಿ ಕಿಟಕಿಯ ಪಕ್ಕ ಕೂರುವ ಗಿರಾಕಿ.

ಅವರು ಒಳಗೆ ಬಂದು ಪಂಡಿತರ ಕೈ ಹಿಡಿದುಕೊಂಡರು.

“ಹುಡುಗಿ ನಮಗೆ ಒಪ್ಪಿಗೆ ಪಂಡಿತರೇ” ಎಂದು, ದನಿ ತಗ್ಗಿಸಿ ಕೇಳಿದರು: “ಅಲ್ಲಿ ಬಾದಾಮಿ ಹಲ್ವಾನೂ ಮಾಡ್ತಾರಲ್ಲ, ಅದನ್ನ ಯಾಕೆ ತರಿಸ್ಲಿಲ್ಲ?”

ಪಂಡಿತರು ಹಿಂದುಮುಂದು ನೋಡದೆ ಹೇಳಿಬಿಟ್ಟರು:

“ಅದು ಶನಿವಾರ ಮಾತ್ರ.”