ಅಳಿಯನ ಪಿಕಪ್ಪು, ಅತ್ತೆಯ ಇಂಜಿನ್ನು

"ಇನ್ಮೇಲೆ ಆಲೂರು ತಾಲ್ಲೂಕಲ್ಲಿ ಎಂಥಾ ಭಾರ ಇದ್ರೂ ನಮ್ಮ ಗಾಡೀನೇ ಎಳೀಬೇಕು ಕಣೇ!"

ಕುಂದೂರಿನ ಜಯಕುಮಾರ್ ಹೆಂಡತಿಯ ಮುಂದೆ ಹೀಗೆ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವುದಕ್ಕೂ ಮೊದಲು. ಸೆಕೆಂಡ್ ಹ್ಯಾಂಡ್ ಪಿಕಪ್ ಅವನ ಅಂಗಳಕ್ಕೆ ಬಂದು ಆಗಿನ್ನೂ ಹನ್ನೆರಡು ದಿನ. ಅದರ ಹಣೆಗೆ ಕುಂಕುಮ, ಮೂತಿಗೆ ನಿಂಬೆಹಣ್ಣು, ಬೆನ್ನಿಗೆ 'ಮಲೆನಾಡ ಮದಗಜ' ಎಂಬ ಬಿರುದು ಎಲ್ಲವೂ ಸಂದಿದ್ದವು. ಮದಗಜ ಅದುವರೆಗೆ ಹೊತ್ತದ್ದು ಮಾತ್ರ ಎರಡು ಲೋಡು ಶುಂಠಿ ಮತ್ತು ಒಂದು ಮದುವೆ ಮನೆಯ ಪಾತ್ರೆ.

"ಮೊದ್ಲು ಹಲ್ಲುಜ್ಜಿ. ಆಮೇಲೆ ತಾಲ್ಲೂಕು ಎಳೀರಂತೆ," ಎಂದಳು ನಯನಾ.

ಅದೇ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೆರೆ ಪಕ್ಕದ ಹೊಲಕ್ಕೆ ಶುಂಠಿ ತರಲು ಹೋದರು. ಮದಗಜ ಕೆಸರಿನಲ್ಲಿ ಕೂತುಬಿಟ್ಟಿತು! ಹಿಂದಿನ ಗಾಲಿಗಳು ಅರ್ಧಕ್ಕೆ ಹೂತವು. ತುಳಿದಷ್ಟೂ ಕೆಸರು ಹಾರಿ ಬಿರುದಿನ ಮೇಲೆ ಬಿತ್ತೇ ಹೊರತು ಗಾಡಿ ಅಲ್ಲಾಡಲಿಲ್ಲ. ಕೊನೆಗೆ, ಕೆರೆಯ ಹೂಳೆತ್ತುತ್ತಿದ್ದ ಜೆಸಿಬಿಯವನ ಕೈಕಾಲು ಹಿಡಿದು ಕರೆತಂದದ್ದಾಯಿತು. ಅವನು ಪಿಕಪ್ಪಿನ ಬೆನ್ನ ಹಿಂದೆ ಬಂದು ನಿಂತು, ಹಿಂದಿನ ಹುಕ್ಕಿಗೆ ಕಬ್ಬಿಣದ ಹಗ್ಗ ಬಿಗಿದು, "ಅಣ್ಣ, ರಿವರ್ಸ್ ಹಾಕ್ಕಂಡ್ ಸುಮ್ನೆ ಕೂತ್ಕಳಿ, ಮಿಕ್ಕಿದ್ದು ನಾನ್ ನೋಡ್ಕತೀನಿ" ಎಂದ. ಜೆಸಿಬಿ ಗುರ್ರೆಂದು ಹಿಂದೆ ಸರಿಯಿತು. ಹಠಮಾರಿ ಕರುವನ್ನು ಬಾಲ ಹಿಡಿದು ಎಳೆದ ಹಾಗೆ ಮದಗಜ ಹಿಂದುಹಿಂದಾಗಿ ಹೊರಗೆ ಬಂತು.

ದಡದಲ್ಲಿ ನಿಂತಿದ್ದ ನಯನಾ ಇದೆಲ್ಲದರ ಒಂದು ಫೋಟೋ ಹಿಡಿದಳು, ಮುಂದೆ ಯಾವತ್ತಾದರೂ ಗಂಡನನ್ನು ಹಂಗಿಸುವುದಕ್ಕೆ ಬೇಕಾಗುತ್ತದೆ ಎಂದು. ಆದರೆ ಆ ಫೋಟೋ ನೋಡಿದ್ದೇ ಜಯಕುಮಾರನ ಕಣ್ಣುಗಳು ಅರಳಿದವು. ಮುಂದೆ ಪಿಕಪ್ಪು, ಹಿಂದೆ ಜೆಸಿಬಿ, ನಡುವೆ ಬಿಗಿದ ಹಗ್ಗ, ಗಾಲಿಯಿಂದ ಚಿಮ್ಮುತ್ತಿರುವ ಕೆಸರು!

"ಏ ನಯನಾ, ಇದ್ರಲ್ಲಿ ಯಾರು ಯಾರನ್ನ ಎಳೀತಾವ್ರೆ ಅಂತ ಗೊತ್ತೇ ಆಗಲ್ವಲ್ಲೇ!"

"ನಂಗೆ ಗೊತ್ತಲ್ಲ."

"ನೀನ್ ಬಾಯ್ ಮುಚ್ಕಂಡಿದ್ರೆ ಫೋಟೋನೂ ಬಾಯ್ ಮುಚ್ಕಂಡಿರ್ತೈತೆ."

ಸಂಜೆಯೊಳಗೆ ಫೋಟೋ ವಾಟ್ಸಾಪ್ ಸ್ಟೇಟಸ್ ಏರಿತು. ಕೆಳಗೊಂದು ಸಾಲು: 'ಎಂಥಾ ಭಾರ ಇದ್ದರೂ ಫೋನ್ ಮಾಡಿ.' ಇದರಲ್ಲಿ ಒಂದಕ್ಷರವಾದರೂ ಸುಳ್ಳಿದೆಯೇ ಹೇಳಿ! ಫೋನ್ ಮಾಡಿ ಎಂದಿದ್ದಾನೆಯೇ ಹೊರತು ಎಳೆದೆ ಎಂದು ಎಲ್ಲಿಯೂ ಹೇಳಿಲ್ಲ. ನಮ್ಮ ಜಯಕುಮಾರ್ ಸುಳ್ಳು ಹೇಳುವ ಜಾತಿಯವನಲ್ಲ. ನಿಜ ಹೇಳಬೇಕಾದ ಕಡೆ ಸುಮ್ಮನಿರುವ ಜಾತಿಯವನು. ಇದು ಅದಕ್ಕಿಂತ ಅಪಾಯ ಎಂಬುದು ಗೊತ್ತಾಗಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ.

ಸ್ಟೇಟಸ್ ನೋಡಿದವರಲ್ಲಿ ನಯನಾಳ ತಾಯಿ ಚೌಡಮ್ಮನೂ ಒಬ್ಬಳು. ಹೆಗ್ಗದ್ದೆಯಲ್ಲಿ ಅವಳಿಗೆ ಮೂರು ಎಕರೆ ರೊಬಸ್ಟಾ ಕಾಫಿ ತೋಟ. ಗಂಡ ಹೋದ ಮೇಲೆ ಹನ್ನೊಂದು ವರ್ಷದಿಂದ ಅದನ್ನು ಒಬ್ಬಳೇ ನೋಡಿಕೊಂಡು, ಅದರಲ್ಲೇ ಬದುಕಿದವಳು. ರೊಬಸ್ಟಾ ಬೆಳೆಯುವವರ ವರ್ಷವೆಲ್ಲ ನಿಂತಿರುವುದು ಬೇಸಿಗೆಯ ಒಂದು ನೀರಿನ ಮೇಲೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಮೊಗ್ಗು ಅರಳಿ ಕಾಯಿ ಕಟ್ಟುತ್ತದೆ. ಮಳೆ ಬಾರದಿದ್ದರೆ ಕೆರೆಗೆ ಇಂಜಿನ್ ಇಟ್ಟು ನೀರು ಹಾರಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಅರೆಬರೆ ಮಳೆ. ಅದು ಮೊಗ್ಗನ್ನು ಎಬ್ಬಿಸಿ, ನೀರು ಕೊಡದೆ ಹೋಗಿಬಿಡುತ್ತದೆ. ನಾಲ್ಕು ದಿನದೊಳಗೆ ಮಿಕ್ಕ ನೀರು ಕೊಟ್ಟರೆ ಸರಿ, ಇಲ್ಲದಿದ್ದರೆ ಎದ್ದ ಮೊಗ್ಗು ಸಾಯುತ್ತದೆ.

ಆ ಸೋಮವಾರ ಹೆಗ್ಗದ್ದೆಗೆ ಬಿದ್ದದ್ದು ಬರೀ ಮೂವತ್ತು ಸೆಂಟು, ಇಂಚಿನ ಮೂರನೇ ಒಂದು ಪಾಲೂ ಇಲ್ಲ.

ಮಂಗಳವಾರ ಬೆಳಿಗ್ಗೆಯೇ ಚೌಡಮ್ಮನ ಫೋನು. ಅವಳ ಡೀಸೆಲ್ ಇಂಜಿನ್ ರಿಪೇರಿಗೆಂದು ಆಲೂರಿಗೆ ಬಂದಿತ್ತು. ಎರಡು ಗಾಲಿಯ ಟ್ರಾಲಿಯ ಮೇಲೆ ಕೂರಿಸಿದ ಹಳೇ ಕಾಲದ ಇಂಜಿನ್, ಅದಕ್ಕೇ ಕೂಡಿಸಿದ ನೀರಿನ ಪಂಪು, ಜೊತೆಗೆ ಒಂದು ರಾಶಿ ಪೈಪು. ಟ್ರಾಕ್ಟರಿಗೆ ಕಟ್ಟಿಕೊಂಡು ಬರಲು ಸುನಿಲ್‌ಕುಮಾರ್ ಎಂಬುವನನ್ನು ಗೊತ್ತು ಮಾಡಿದ್ದಳು.

"ಅವನಿಗೆ ಈಗ ತಾನೇ ಬ್ಯಾಡ ಅಂದ್ಬುಟ್ಟೆ ಕಣಪ್ಪ!" ಚೌಡಮ್ಮನ ದನಿಯಲ್ಲಿ ಹಬ್ಬ. "ಹನ್ನೊಂದ್ ವರ್ಷದಿಂದ ಹೂವಿನ ಟೈಮಲ್ಲಿ ಕಂಡೋರ ಬಾಗ್ಲಲ್ಲಿ ನಿಂತು, ಅಪ್ಪಾ ಬಾ, ಅಣ್ಣಾ ಬಾ ಅಂದಿದ್ದೇ ಆಯ್ತು. ಇವತ್ತು ಮೊದಲ್ನೇ ಸಲ ಒಬ್ಬಂಗೆ 'ನೀನ್ ಬರೋದು ಬ್ಯಾಡ ಕಣಯ್ಯ, ನನ್ನ ಅಳಿಮಯ್ಯ ಐದಾನೆ, ಜೆಸಿಬೀನೇ ಎಳೀತಾನೆ' ಅಂದೆ. ಮಾದೇವಯ್ಯನ ಎದುರಿಗೇ ಅಂದೆ!"

ಮಹಾದೇವಯ್ಯ ಎಂದರೆ ಪಕ್ಕದ ತೋಟದವನು. ಅವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದಂತೆ.

ನಿಜ ಹೇಳುವುದಕ್ಕೆ ಇದೇ ಸರಿಯಾದ ಗಳಿಗೆ, ಒಂದೇ ಮಾತು ಸಾಕು. ಜಯಕುಮಾರ್ ಬಾಯಿ ತೆರೆದ. ಹೊರಗೆ ಬಂದದ್ದು, "ಆಯ್ತತ್ತೆ, ನಾಳೆ ತತ್ತೀನಿ."

"ಹೇಳ್ರೀ ಅವ್ವಂಗೆ!" ಫೋನಿಟ್ಟದ್ದೇ ನಯನಾ ಸಿಡಿದಳು. "ಇದು ಶುಂಠಿ ಅಲ್ಲ, ಅವ್ವನ ವರ್ಷದ ಅನ್ನ."

"ಎಷ್ಟು ಖುಷಿಯಾಗಿದ್ರು ಗೊತ್ತೇನೆ? ಹೆಂಗೆ ಹೇಳ್ಲಿ?"

"ಬಾಯಲ್ಲಿ ಹೇಳಿ!"

ಅವನು ಹಿತ್ತಲಿಗೆ ಹೋಗಿ ಗುಟ್ಟಾಗಿ ಸುನಿಲ್‌ಕುಮಾರನಿಗೆ ಫೋನ್ ಮಾಡಿದ. ಆ ಮಹರಾಯ ಆಗಲೇ ವನಗೂರಿನ ಎಸ್ಟೇಟೊಂದಕ್ಕೆ ಟ್ರಾಕ್ಟರ್ ಒಪ್ಪಿಸಿಬಿಟ್ಟಿದ್ದ.

"ನಾಲ್ಕ್ ದಿನ ಬರಕಾಗಲ್ಲ ಅಣ್ಣ. ಹೂವಿನ ಟೈಮು, ಬೇರೆ ಟ್ರಾಕ್ಟರೂ ಸಿಗಲ್ಲ. ಅದ್ಸರಿ, ಒಂದ್ ಮಾತ್ ಕೇಳ್ಲಾ? ಜೆಸಿಬಿ ಎಳೆಯೋ ಫೋಟೋದಲ್ಲಿ ನಿಮ್ ಗಾಡಿದು ರಿವರ್ಸ್ ಲೈಟ್ ಯಾಕ್ ಉರೀತಿತ್ತು?"

"ಹಲೋ? ಹಲೋ? ಇಲ್ಲಿ ನೆಟ್‌ವರ್ಕೇ ಇಲ್ಲ ಮಾರಾಯ," ಎಂದು ಜಯಕುಮಾರ್ ಫೋನ್ ಕತ್ತರಿಸಿದ.

ಬುಧವಾರ ಬೆಳಿಗ್ಗೆ ಆಲೂರಿನಿಂದ ಮೆರವಣಿಗೆ ಹೊರಟಿತು. ಪಿಕಪ್ಪಿನ ಬೆನ್ನ ಮೇಲೆ ಪೈಪು, ಹಿಂದಿನ ಹುಕ್ಕಿಗೆ ಟ್ರಾಲಿ, ಟ್ರಾಲಿಯ ಮೇಲೆ ಇಂಜಿನ್ನು, ಪಕ್ಕದ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡ ನಯನಾ. ಹೆದ್ದಾರಿಯಲ್ಲಿ ಎಲ್ಲ ಸುಗಮ! ಸಕಲೇಶಪುರ ದಾಟುವ ಹೊತ್ತಿಗೆ ಜಯಕುಮಾರ್ ಶಿಳ್ಳೆ ಹಾಕತೊಡಗಿದ. ನೋಡಿದೆಯಾ, ಫೋಟೋ ನಿಜವಾಗಿಯೇಬಿಟ್ಟಿತು ಎಂಬಂತೆ ಹೆಂಡತಿಯ ಕಡೆ ಒಂದೆರಡು ಸಲ ನೋಡಿದ ಕೂಡ. ಅವಳು ಕಿಟಕಿಯಿಂದಾಚೆ ನೋಡುತ್ತಿದ್ದಳು.

ಹೆಗ್ಗದ್ದೆಯಲ್ಲಿ ತೋಟಕ್ಕೆ ಹೋಗುವ ದಾರಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಕಡೆ ಗೋಡೆಯಂಥ ಮಣ್ಣಿನ ಧರೆ, ಇನ್ನೊಂದು ಕಡೆ ಹಳ್ಳ, ನಡುವೆ ಜಲ್ಲಿ ಎದ್ದುಹೋದ ಏರು. ಏರಿನ ತುದಿಯಲ್ಲಿ ಚೌಡಮ್ಮ ಒಗೆದ ಸೀರೆ ಉಟ್ಟು ನಿಂತಿದ್ದಳು. ಒಬ್ಬಳೇ ನಿಂತಿದ್ದರೆ ಆಗುತ್ತಿತ್ತು. ಅಳಿಯನ ಪ್ರತಾಪ ನೋಡಲಿ ಎಂದು ಮಹಾದೇವಯ್ಯನನ್ನೂ, ಅವನ ತೋಟದ ಎಂಟು ಹತ್ತು ಆಳುಗಳನ್ನೂ ಕರೆದು ನಿಲ್ಲಿಸಿಕೊಂಡಿದ್ದಳು!

"ರೀ, ಇಲ್ಲೇ ನಿಲ್ಸಿ," ಎಂದಳು ನಯನಾ. "ಪೈಪ್ ಇಳ್ಸಿ. ಅಷ್ಟು ಜನ ಅವ್ರೆ, ಕೂಗಿ ಕರೀರಿ, ಹಿಂದಿಂದ ತಳ್ತಾರೆ."

"ಜೆಸಿಬಿ ಎಳ್ದೋನು ಇಂಜಿನ್ ತಳ್ಳಿ ಅಂತಾನಾ?"

"ನೀವು ಜೆಸಿಬಿ ಎಳ್ದಿಲ್ಲ ಕಣ್ರೀ!"

"ಅವ್ರಿಗೆ ಗೊತ್ತಿಲ್ವಲ್ಲ," ಎಂದ ಜಯಕುಮಾರ್ ಮೊದಲ ಗೇರ್ ಹಾಕಿದ.

ಅರ್ಧ ಏರಿನವರೆಗೆ ಮದಗಜ ಏದುಸಿರು ಬಿಡುತ್ತ ಹತ್ತಿತು. ಆಮೇಲೆ ಗಾಲಿಗಳು ಇದ್ದಲ್ಲೇ ತಿರುಗತೊಡಗಿದವು. ಜಲ್ಲಿ ಹಾರಿತು. ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮೇಲಿನಿಂದ ಚೌಡಮ್ಮ, "ಬಾರಪ್ಪ, ಬಾರಪ್ಪ, ಬಂದೇಬುಡ್ತು!" ಎಂದು ಕೈ ಬೀಸುತ್ತಲೇ ಇದ್ದಳು. ಅವನು ಇನ್ನೂ ಜೋರಾಗಿ ತುಳಿದ. ಗಾಡಿ ಒಂದು ಗಳಿಗೆ ನಿಂತು ಯೋಚಿಸಿತು. ಆಮೇಲೆ ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿದರೆ ಟ್ರಾಲಿ ಅಡ್ಡ ತಿರುಗಿತು, ಹುಕ್ಕು ಫಟ್ಟೆಂದು ಮುರಿಯಿತು. ಪಿಕಪ್ ಧರೆಗೆ ಒರಗಿ ನಿಂತಿತು. ಇಂಜಿನ್ ಮಾತ್ರ ನಿಲ್ಲಲಿಲ್ಲ. ಟ್ರಾಲಿಯ ಸಮೇತ ಹಳ್ಳಕ್ಕೆ ಉರುಳಿ, ಒಂದು ಸಿಲ್ವರ್ ಓಕ್ ಮರಕ್ಕೆ ಬಡಿದು, ಮಗುಚಿಕೊಂಡು ಬಿತ್ತು.

ಯಾರಿಗೂ ಏನೂ ಆಗಲಿಲ್ಲ. ಯಾರೂ ನಗಲೂ ಇಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಜಯಕುಮಾರನಿಗೆ ಅನ್ನಿಸಿತು. ಚೌಡಮ್ಮ ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದಳು. ಪಂಪು ಎರಡು ಹೋಳಾಗಿತ್ತು. ಒಂದು ಹೋಳನ್ನು ಕೈಯಲ್ಲಿ ಹಿಡಿದು ಒರೆಸಿದಳು, ಮಣ್ಣು ಹೋದರೆ ಕೂಡಿಕೊಳ್ಳುತ್ತದೇನೋ ಎಂಬಂತೆ.

ಆಮೇಲಿನ ನಾಲ್ಕು ದಿನ ಜಯಕುಮಾರ್ ಓಡಾಡಿದ್ದು ಅಷ್ಟಿಷ್ಟಲ್ಲ. ಹಾಸನದಲ್ಲಿ ಪಂಪು ಸಿಗಲಿಲ್ಲ, ತರಿಸಲು ಎಂಟು ದಿನ ಎಂದರು. ಬಾಡಿಗೆ ಇಂಜಿನ್ನುಗಳೆಲ್ಲ ಯಾವ್ಯಾವುದೋ ಕೆರೆಯಲ್ಲಿ ಕೂತಿದ್ದವು. ಮಹಾದೇವಯ್ಯ ಒಳ್ಳೆಯವನೇ. "ನಂದು ಮುಗೀತಿದ್ದಂಗೆ ಕೊಡ್ತೀನಿ," ಎಂದ. ಅವನದು ಮುಗಿದದ್ದು ಭಾನುವಾರ. ಆ ಸಂಜೆ ಚೌಡಮ್ಮನ ಗಿಡಗಳ ಮೇಲೆ ನೀರೇನೋ ಹಾರಿತು, ಚೆನ್ನಾಗಿಯೇ ಹಾರಿತು. ಮೊಗ್ಗಿಗೆ ಮಾತ್ರ ಅದು ಬೇಕಿರಲಿಲ್ಲ.

ಮುಂದಿನ ವಾರ ಮಹಾದೇವಯ್ಯನ ತೋಟ ಹೂ ಬಿಟ್ಟಿತು. ಬೇಲಿಯಾಚೆ ಎಲ್ಲ ಬೆಳ್ಳಗೆ! ಆ ಪರಿಮಳ ಬೇಲಿ ದಾಟಿ ಚೌಡಮ್ಮನ ಅಡುಗೆಮನೆಗೂ ಬಂತು. ಬೇಲಿಯೀಚೆ ಮೊಗ್ಗುಗಳು ಕಂದಿ, ಲವಂಗದ ಹಾಗೆ ಒಣಗಿ ಕೂತಿದ್ದವು. ಮುಟ್ಟಿದರೆ ಉದುರುತ್ತಿದ್ದವು. ಜಯಕುಮಾರ್ ಒಂದೊಂದೇ ಗಿಡ ಮುಟ್ಟಿ ನೋಡುತ್ತ ಹೋದ. ಎಲ್ಲೋ ಒಂದು ಸಾಲು ಉಳಿದಿರಬಹುದು ಎಂದುಕೊಂಡಿದ್ದ. ಉಳಿದಿರಲಿಲ್ಲ. ಮೂರು ಎಕರೆಯ ತುದಿಯಲ್ಲಿ ನಿಂತು ಅವನು ಅತ್ತ.

ತಿರುಗಿ ಬರುವಾಗ ಅಂಗಳದಲ್ಲಿ ಮಹಾದೇವಯ್ಯ ನಿಂತಿದ್ದ. ಜಯಕುಮಾರ್ ಹಿತ್ತಲಿನ ಗೋಡೆಗೆ ಒತ್ತಿಕೊಂಡ.

"ಅಲ್ಲ ಚೌಡಮ್ಮ, ನಿನ್ನಳಿಯನ ಗಾಡಿ ಜೆಸಿಬಿ ಎಳೀತೈತೆ ಅಂದಿದ್ದೆ. ಒಂದ್ ಇಂಜಿನ್ ಎಳೀನಿಲ್ವಲ್ಲ?"

"ಗಾಡಿದೇನ್ ತಪ್ಪು ಮಾದೇವಯ್ಯ?" ಚೌಡಮ್ಮನ ದನಿ ಗಟ್ಟಿಯಾಗಿಯೇ ಇತ್ತು. "ಹುಕ್ ಮುರೀತು, ನೀನೇ ನೋಡ್ದಲ್ಲ. ಹುಕ್ ನೆಟ್ಟಗಿದ್ದಿದ್ರೆ ಇಂಜಿನ್ ಏನು, ನಿನ್ ಮನೇನೂ ಎಳ್ಕಂಡ್ ಬರ್ತಿದ್ದ ನನ್ನಳಿಯ!"

ಮಹಾದೇವಯ್ಯ ತಲೆಯಾಡಿಸಿಕೊಂಡು ಹೋದ. ಚೌಡಮ್ಮ ಅಡುಗೆಮನೆಗೆ ಬಂದಳು.

ಗೋಡೆಗೆ ಒತ್ತಿಕೊಂಡಿದ್ದವನಿಗೆ ಇನ್ನು ತಡೆಯಲಾಗಲಿಲ್ಲ. ಒಳಗೆ ಬಂದು ಚೌಡಮ್ಮನ ಮುಂದೆ ನಿಂತ. ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದ ನಯನಾ ಕೈ ನಿಲ್ಲಿಸಿ ನೋಡಿದಳು.

"ಅತ್ತೆ, ಆ ಫೋಟೋದಲ್ಲಿ ನಾನ್ ಎಳೀತಿರ್ಲಿಲ್ಲ. ನಾನೇ ಕೆಸರಲ್ಲಿ ಹೂತಿದ್ದೆ. ಜೆಸಿಬಿ ನನ್ನ ಎಳೀತಿತ್ತು."

"ಗೊತ್ತು," ಎಂದಳು ಚೌಡಮ್ಮ.

"ನಯನಾ ಹೇಳಿದ್ಲಾ?"

"ಅವಳ್ಯಾಕೆ ಗಂಡನ್ನ ಬುಟ್ಟುಕೊಟ್ಟಾಳು? ಅವತ್ತು ಇಂಜಿನ್ ಬಿದ್ದಾಗ ನಿನ್ ಮಕ ನೋಡ್ದೆನಲ್ಲ. ಅಷ್ಟೇ ಸಾಕಾಯ್ತು."

"ಮತ್ತೆ ಮಾದೇವಯ್ಯಂಗೆ ಹಂಗಂದ್ರಿ? ಹೋಗಿ ನಾನೇ ನಿಜ ಹೇಳ್ಬುಡ್ತೀನಿ ಅತ್ತೆ. ಊರೆಲ್ಲ ಹೇಳ್ತೀನಿ."

ಚೌಡಮ್ಮ ತಟ್ಟೆ ಇಟ್ಟಳು, ಬಿಸಿ ರೊಟ್ಟಿ ಹಾಕಿದಳು, ಪಲ್ಯ ಬಡಿಸಿದಳು. ಕೂರು ಎಂದು ಕೈ ತೋರಿಸಿದಳು.

"ಸುಮ್ನೆ ಉಣ್ಣಪ್ಪ. ಈ ವರ್ಷ ನನ್ನ ಕಾಫಿ ಜೊಳ್ಳು ಅಂತ ಊರಿಗೆಲ್ಲ ಗೊತ್ತಾಗೋಗೈತೆ. ಅಳಿಯನೂ ಜೊಳ್ಳು ಅಂತ ಅವ್ರಿಗ್ಯಾಕ್ ಗೊತ್ತಾಗ್ಬೇಕು?"