ಅಡುಗೆಮನೆಯಿಂದ ಕರಗಿದ ರಿಂಕು

ಇನ್ನು ಮುಂದೆ ವಿಲೋ ರಿಜ್ ಊರಿನಲ್ಲಿ ಯಾವ ನರಪ್ರಾಣಿಯೂ ಪಾಸ್‌ವರ್ಡ್ ನೆನಪಿಡಬೇಕಾಗಿಲ್ಲ ಎಂದು ಒರೆಸ್ಟ್ ಹನಟ್ಯುಕ್ ಚಳಿಗಾಲದ ಆರಂಭದಲ್ಲೇ ಘೋಷಿಸಿದ. ಘೋಷಿಸಿದ್ದು ಊರಾಡಳಿತದ ಕಚೇರಿಯ ಕಾಫಿ ಯಂತ್ರದ ಎದುರು. ಕೇಳಿಸಿಕೊಂಡವರು ಸಕ್ಕರೆ ಹುಡುಕುತ್ತಿದ್ದ ಒಂದಿಬ್ಬರು. ಆದರೂ ದನಿಯಲ್ಲಿ ಪಟ್ಟಾಭಿಷೇಕದ ಗತ್ತಿತ್ತು.

ಸಸ್ಕಾಚೆವಾನ್ ಬಯಲಿನ ಆ ಪುಟ್ಟ ಊರಿನ ಸರ್ಕಾರಿ ಕಂಪ್ಯೂಟರುಗಳಿಗೆಲ್ಲ ಒರೆಸ್ಟನೇ ವೈದ್ಯ, ಒರೆಸ್ಟನೇ ಪುರೋಹಿತ. ಹಿಮ ಸುರಿದು ರಸ್ತೆ ಮುಚ್ಚಿದ ದಿನ ನೌಕರರು ಮನೆಯಲ್ಲೇ ಕೂತು ಕಚೇರಿಯ ಜಾಲ ಸೇರಬೇಕಲ್ಲ, ಅದಕ್ಕಾಗಿ ಅವನು ವಿಪಿಎನ್ ಎಂಬ ಗುಪ್ತ ಸುರಂಗ ತೋಡಿದ್ದ. ತೋಡುವುದು ಸುಲಭ, ಜನರನ್ನು ಅದರೊಳಗೆ ನುಗ್ಗಿಸುವುದು ಕಷ್ಟ. ಒಬ್ಬರು ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಬರೆಯುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡಿನ ಜಾಗದಲ್ಲಿ ದೂರು ಬರೆಯುತ್ತಿದ್ದರು. ಬೇಸತ್ತ ಒರೆಸ್ಟ್ ಎಲ್ಲವನ್ನೂ ಮೊದಲೇ ತುಂಬಿಸಿಟ್ಟ ಫೈಲೊಂದನ್ನು ತಯಾರಿಸಿದ. ದಾರಿ, ಬಾಗಿಲು, ಬೀಗ, ಬೀಗದಕೈ ಎಲ್ಲ ಅದರೊಳಗೇ. ಒಮ್ಮೆ ಅದನ್ನು ಕಂಪ್ಯೂಟರಿಗೆ ಹಾಕಿಬಿಟ್ಟರೆ ಮುಗಿಯಿತು. ಮುಚ್ಚಳ ತೆರೆದ ಕೂಡಲೇ ಅದು ತಾನಾಗಿಯೇ ಕಚೇರಿಯ ಜಾಲಕ್ಕೆ ಸೇರಿಕೊಳ್ಳುತ್ತದೆ. ಒಳಗಿರುವ ಯಾವ ಯಂತ್ರವೂ ಆಮೇಲೆ ‘ನೀನ್ಯಾರು’ ಎಂದು ಕೇಳುವುದಿಲ್ಲ.

"ಬಳಸೋರು ಕ್ಲಿಕ್ ಕೂಡ ಮಾಡ್ಬೇಕಾಗಿಲ್ಲ," ಎಂದ ಒರೆಸ್ಟ್. "ಅವರು ಕ್ಲಿಕ್ ಮಾಡಿದ ಮೇಲೇ ಅಲ್ವಾ ನನ್ನ ತಲೆನೋವು ಶುರುವಾಗೋದು."

ಇದು ಈ ಕಾಲದ ಬಲ್ಲವರ ಜಾಣತನ. ತಾವು ಮಾಡಿದ್ದನ್ನು ನಾಲ್ಕು ಮಾತಿನಲ್ಲಿ ಜನರಿಗೆ ತಿಳಿಸುವುದಿಲ್ಲ. ತಿಳಿಯದ ಹಾಗೆ ಗಂಟು ಕಟ್ಟಿ ಕೈಗಿಡುತ್ತಾರೆ, ಆಮೇಲೆ ಗಂಟು ಹಿಡಿದು ನಿಂತವರನ್ನೇ ದಡ್ಡರೆನ್ನುತ್ತಾರೆ. ಈ ವಿದ್ಯೆಯಲ್ಲಿ ಒರೆಸ್ಟ್ ಪಾರಂಗತ.

ಫೈಲು ಎಂಥ ದಡ್ಡರಿಗೂ ಒಗ್ಗುತ್ತದೆಯೇ ಎಂದು ಪರೀಕ್ಷಿಸಲು ಅವನಿಗೊಂದು ದಡ್ಡ ಜೀವ ಬೇಕಿತ್ತು. ಹೆಂಡತಿ ಲೆಸ್ಯಾಳ ಅಡುಗೆಮನೆಯ ಲ್ಯಾಪ್‌ಟಾಪನ್ನು ಆರಿಸಿಕೊಂಡು, ತನ್ನ ಹೆಸರಿನ ಫೈಲನ್ನೇ ಅದಕ್ಕೆ ಹಾಕಿದ. ಲೆಸ್ಯಾ ನಿವೃತ್ತಳಾಗುವವರೆಗೂ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ಎಂಬುದು ಬೇರೆ ಮಾತು. ಪರೀಕ್ಷೆ ಭರ್ಜರಿಯಾಗಿ ಗೆದ್ದಿತು. ಗೆದ್ದ ಸಂತೋಷದಲ್ಲಿ ಫೈಲನ್ನು ಅಲ್ಲಿಂದ ತೆಗೆಯುವುದು ಮರೆತೇಹೋಯಿತು.

ಆ ಮನೆಯಲ್ಲಿ ಆಗಲೇ ಇನ್ನೊಂದು ಯುದ್ಧ ನಡೆದಿತ್ತು. ಕಾರಣ, ಗೋಡೆಯ ಮೇಲಿನ ಥರ್ಮೋಸ್ಟಾಟ್, ಅಂದರೆ ಮನೆ ಎಷ್ಟು ಬೆಚ್ಚಗಿರಬೇಕೆಂದು ತೀರ್ಪು ಕೊಡುವ ಬಿಳಿ ಡಬ್ಬಿ. ಹದಿನೇಳು ಡಿಗ್ರಿ ಧಾರಾಳ ಎಂಬುದು ಒರೆಸ್ಟನ ಸಿದ್ಧಾಂತ. ಸಿದ್ಧಾಂತವನ್ನು ಯಾರೂ ಮುಟ್ಟದಂತೆ ಡಬ್ಬಿಗೆ ಪ್ಲಾಸ್ಟಿಕ್ ಗೂಡು ಹೊದಿಸಿ ಬೀಗ ಜಡಿದಿದ್ದ. ಲ್ಯಾಪ್‌ಟಾಪಿನಿಂದಲೂ ಅದನ್ನು ಬದಲಿಸಬಹುದಿತ್ತು, ಪಾಸ್‌ವರ್ಡ್ ಗೊತ್ತಿದ್ದರೆ.

"ಮನೇಲಿರೋದು ಇಬ್ರು, ಪಾಸ್‌ವರ್ಡ್ ಮಾತ್ರ ಒಬ್ರಿಗೆ," ಎಂದಿದ್ದಳು ಲೆಸ್ಯಾ.

"ಭದ್ರತೆ ಅಂದ್ರೆ ಹಾಗೇನೇ."

"ಯಾರಿಂದ ಭದ್ರತೆ?"

"ತಪ್ಪು ಮಾಡೋರಿಂದ."

"ಚಳಿಯಾಗೋದು ತಪ್ಪಾ?"

"ಸ್ವೆಟರ್ ಹಾಕ್ಕೊ."

"ಎರಡು ಹಾಕ್ಕೊಂಡಿದ್ದೀನಿ. ಇನ್ನು ಉಳಿದಿರೋದು ನಿಂದು. ಬಿಚ್ಚಿಕೊಡ್ತೀಯಾ?"

ಅದೇ ಕಂಪನಿಯ ಅಂಥದ್ದೇ ಇನ್ನೊಂದು ಡಬ್ಬಿಯನ್ನು ಒರೆಸ್ಟ್ ಊರಿನ ಕರ್ಲಿಂಗ್ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆ ಹಾಸಿದ ಆಟದಂಗಳದಲ್ಲಿ, ಕೂರಿಸಿ ಕಚೇರಿಯ ಜಾಲಕ್ಕೆ ಸೇರಿಸಿದ್ದ. ಭಾರದ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ಅದರ ಮುಂದೆ ಪೊರಕೆ ಉಜ್ಜುತ್ತ ಓಡುವ ಆ ಆಟ ಇಲ್ಲದಿದ್ದರೆ ವಿಲೋ ರಿಜ್‌ನವರು ಚಳಿಗಾಲವಿಡೀ ಒಬ್ಬರ ಮುಖ ಒಬ್ಬರು ನೋಡಿಯೇ ಸಾಯಬೇಕಿತ್ತು. ರಿಂಕಿನ ಮಂಜುಗಡ್ಡೆ ಕಾಯುವವನು ಗಾರ್ತ್ ಲಿಂಡ್‌ಕ್ವಿಸ್ಟ್. ಆಟಗಾರರ ಮೂಗು ಉದುರದಿರಲಿ, ನೆಲದಡಿಯ ತಣ್ಣನೆ ಕೊಳವೆಗಳು ಹೆಪ್ಪುಗಟ್ಟಿಸಿದ ಮಂಜುಗಡ್ಡೆಯೂ ಕರಗದಿರಲಿ ಎಂದು ಒಳಗಿನ ಗಾಳಿಯನ್ನು ಅವನು ಐದು ಡಿಗ್ರಿಯಲ್ಲಿ ನಿಲ್ಲಿಸುತ್ತಿದ್ದ.

ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಮನೆ ನಂಬರಿನಂಥ ಒಂದು ನಂಬರ್ ಇರಬೇಕು. ಎರಡೆರಡು ನಂಬರ್ ಯಾರು ನೆನಪಿಡುತ್ತಾರೆ ಎಂದು ಒರೆಸ್ಟ್ ರಿಂಕಿನ ಡಬ್ಬಿಗೂ ತನ್ನ ಮನೆಯ ಡಬ್ಬಿಗೂ ಒಂದೇ ನಂಬರ್ ಕೊಟ್ಟಿದ್ದ. ಇಷ್ಟು ಶಿಸ್ತು ಇಡೀ ಪ್ರಾಂತ್ಯದಲ್ಲಿ ಬೇರೆ ಯಾರಿಗಿದೆ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡಿದ್ದ.

ಶುಕ್ರವಾರ ಬಂತು. ಮರುದಿನ ಬಾನ್‌ಸ್ಪೀಲ್, ಸುತ್ತಲಿನ ಊರುಗಳ ತಂಡಗಳೆಲ್ಲ ಬರುವ ಪಂದ್ಯಾವಳಿ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಪಂದ್ಯದ ಊಟಕ್ಕೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿಕೊಡುವೆನೆಂದು ಲೆಸ್ಯಾ ಒಪ್ಪಿಕೊಂಡಿದ್ದಳು. ಹಿಟ್ಟು ನಾದಲು ಹೋದರೆ ಹಿಟ್ಟೇ ಅವಳ ಬೆರಳುಗಳನ್ನು ನಾದುವಷ್ಟು ಚಳಿ. ರೇಗಿ ಲ್ಯಾಪ್‌ಟಾಪ್ ತೆರೆದಳು. ಅದು ಸದ್ದಿಲ್ಲದೆ ಸುರಂಗ ಹೊಕ್ಕಿತು. ಥರ್ಮೋಸ್ಟಾಟಿನ ನಂಬರ್ ಒತ್ತಿದಳು. ಎಂದೂ ಪಾಸ್‌ವರ್ಡ್ ಇಲ್ಲದೆ ತೆರೆಯದ ಬಾಗಿಲು ಇಂದು ಸಲೀಸಾಗಿ ತೆರೆಯಿತು. ಒಳಗೆ ಕಂಡ ಅಂಕಿ, ಐದು.

ಒರೆಸ್ಟನ ಫೋನು ಕಿರುಚಿತು.

"ಐದು ಡಿಗ್ರಿನಾ? ನಾನೇನು ಫ್ರಿಜ್ಜಲ್ಲಿಟ್ಟ ಕೋಸುಗಡ್ಡೆನಾ?"

"ಹದಿನೇಳಿದೆ ಲೆಸ್ಯಾ, ಸುಮ್ನೆ ಹೆಚ್ಚಿಗೆ ಮಾಡಿ ಹೇಳ್ಬೇಡ."

"ಕಣ್ಣಾರೆ ನೋಡ್ತಿದ್ದೀನಿ."

"ಹಾಗಾದ್ರೆ ಎಷ್ಟು ಬೇಕೋ ಅಷ್ಟಕ್ಕೆ ಇಟ್ಕೊ," ಎಂದ ಒರೆಸ್ಟ್ ನಗುತ್ತ. ಪಾಸ್‌ವರ್ಡ್ ಇಲ್ಲದೆ ಅವಳಿಂದೇನಾದೀತು ಎಂಬ ಧೈರ್ಯ.

ಲೆಸ್ಯಾ ಇಪ್ಪತ್ತನಾಲ್ಕಕ್ಕೆ ಇಟ್ಟಳು.

ಊರಿನ ಆ ತುದಿಯಲ್ಲಿ, ರಿಂಕಿನ ಮಾಡಿನ ಹೀಟರುಗಳು ಒಟ್ಟಿಗೇ ಗುರುಗುಟ್ಟಿದವು. ಗಾರ್ತ್ ಓಡಿಬಂದು ಗೋಡೆಯ ಡಬ್ಬಿಯನ್ನು ಐದಕ್ಕಿಳಿಸಿದ. ಅಡುಗೆಮನೆಯ ಪರದೆಯ ಮೇಲೆ ಲೆಸ್ಯಾಳಿಗೆ ಮತ್ತೆ ಐದು ಕಂಡಿತು. ಓಹೋ, ಕಚೇರಿಯಲ್ಲಿ ಕೂತು ಇಳಿಸ್ತಿದ್ದೀಯಾ ಎಂದು ಹಲ್ಲು ಕಡಿದು ಇಪ್ಪತ್ತೈದಕ್ಕೇರಿಸಿದಳು. ಗಾರ್ತ್ ಇಳಿಸಿದ. ಅವಳು ಇಪ್ಪತ್ತಾರು ಮಾಡಿದಳು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಜ್ಜನರು ಒಂದೇ ಡಬ್ಬಿಯನ್ನು ಹಿಡಿದು ಹಗ್ಗಜಗ್ಗಾಟ ಆಡಿದರು. ಕೊನೆಗೆ ಲೆಸ್ಯಾಳಿಗೆ ಪರದೆಯ ಮೂಲೆಯಲ್ಲೊಂದು ಬೀಗದ ಚಿತ್ರ ಕಾಣಿಸಿತು. ಗಂಡ ಕಲಿಸಿದ ಪಾಠ, ಒತ್ತಿದಳು. ಗಾರ್ತನ ಡಬ್ಬಿಯ ಗುಂಡಿಗಳು ಸತ್ತುಬಿದ್ದವು. ಹೀಟರುಗಳು ಮಾತ್ರ ಬದುಕಿದ್ದವು.

ಗಾರ್ತ್ ಒರೆಸ್ಟನಿಗೆ ಫೋನು ಮಾಡಿದ. "ಮಾರಾಯ, ನಾನು ಇಳಿಸ್ತೀನಿ, ಅದು ಏರತ್ತೆ. ಈಗ ಮಾತೇ ಕೇಳ್ತಿಲ್ಲ. ವೈರು ಕಿತ್ತುಹಾಕ್ಲಾ?"

"ಏನೂ ಮುಟ್ಬೇಡ. ಅದು ಜಾಲದಲ್ಲಿರೋ ಯಂತ್ರ, ನಿಂಗೆ ಅರ್ಥ ಆಗಲ್ಲ. ನಾನು ಬರ್ತೀನಿ."

ಒರೆಸ್ಟ್ ಕಾಫಿ ಮುಗಿಸಿ, ಮಧ್ಯಾಹ್ನದ ಊಟವನ್ನೂ ಮುಗಿಸಿ, ಕಾರಿನ ಎಂಜಿನ್ ಬಿಸಿಯಾಗುವವರೆಗೆ ಕಾದು, ಗತ್ತಿನಿಂದ ಹೋಗಿ ತಲುಪುವಷ್ಟರಲ್ಲಿ ರಿಂಕಿನ ಮೇಲೆ ಬೆರಳು ಅದ್ದುವಷ್ಟು ನೀರು ನಿಂತಿತ್ತು. ಅವನಿಗಿಂತ ಮೊದಲೇ ಅಲ್ಲಿಗೆ ಬಂದಿದ್ದಳು ಊರಿನ ಆಡಳಿತಾಧಿಕಾರಿ ಮ್ಯೂರಿಯಲ್ ಪ್ರಾಕ್ಟರ್. ಮಂಜುಗಡ್ಡೆಯ ಕೆಲಸವನ್ನು ಪಟ್ಟಣದ ಯಾವುದೋ ಕಂಪನಿಗೆ ವಹಿಸಬೇಕೆಂದು ಆಕೆ ಬಹಳ ದಿನದಿಂದ ಒಂದು ನೆಪ ಹುಡುಕುತ್ತಿದ್ದಳು. ನೆಪ ಈಗ ಅವಳ ಬೂಟಿನಡಿಯಲ್ಲೇ ಪಚಪಚ ಎನ್ನುತ್ತಿತ್ತು.

"ನಾಳೆ ಬೆಳಿಗ್ಗೆ ಅಷ್ಟೂ ತಂಡ ಬರ್ತಾವೆ ಗಾರ್ತ್. ಕಲ್ಲು ಜಾರಿಸ್ಬೇಕೋ, ದೋಣಿ ಬಿಡ್ಬೇಕೋ?"

"ನಾನು ಇಳಿಸ್ತಾನೇ ಇದ್ದೆ ಮ್ಯೂರಿಯಲ್. ಅದೇ ಏರ್ತಾ ಇತ್ತು."

"ಡಬ್ಬಿಗೇನು ದೆವ್ವ ಹಿಡಿದಿತ್ತಾ? ಒರೆಸ್ಟ್, ನೀವು ಹೇಳಿ. ಜಾಲದಲ್ಲೇನಾದ್ರೂ ದೋಷ ಇದೆಯಾ?"

"ನನ್ನ ಜಾಲದಲ್ಲಾ?" ಒರೆಸ್ಟನಿಗೆ ನಗು ಬಂತು. "ಇಂಥದ್ದೆಲ್ಲ ಯಾವಾಗ್ಲೂ ಬಳಸೋರ ತಪ್ಪು. ಯಾರು, ಯಾವಾಗ ಒತ್ತಿದ್ರು ಅಂತ ಯಂತ್ರ ತಾನೇ ಹೇಳತ್ತೆ. ನೋಡಿ ಹೇಳ್ತೀನಿ."

ಅಷ್ಟು ಸಾಕಾಯಿತು ಆಕೆಗೆ. "ರಿಂಕಿನ ಕೀಲಿಕೈ ಕೊಟ್ಟುಬಿಡಿ ಗಾರ್ತ್," ಎಂದು ಅಂಗೈ ಚಾಚಿದಳು.

ಒರೆಸ್ಟ್ ಲ್ಯಾಪ್‌ಟಾಪ್ ತೆರೆದು ನೋಡಿದ. ಇಪ್ಪತ್ತನಾಲ್ಕು ಮಾಡಿದವರು: ಒರೆಸ್ಟ್ ಹನಟ್ಯುಕ್, ಅಡುಗೆಮನೆ. ಇಪ್ಪತ್ತೈದು ಮಾಡಿದವರು: ಒರೆಸ್ಟ್ ಹನಟ್ಯುಕ್, ಅಡುಗೆಮನೆ. ಬೀಗ ಹಾಕಿದವರೂ ಅವರೇ. ಅವನು ಮೆಲ್ಲಗೆ ಪರದೆಯನ್ನು ಅರ್ಧ ಮಡಚಿದ.

ಪಕ್ಕದಲ್ಲಿ ಗಾರ್ತ್ ಗೊಂಚಲಿನಿಂದ ಕೀಲಿಕೈ ಬಿಡಿಸುತ್ತಿದ್ದ. ಬೆರಳು ಒದ್ದೆ, ಉಂಗುರ ಜಾರುತ್ತಿತ್ತು.

ಇಂಥ ಹೊತ್ತಿಗೆಂದೇ ಬಲ್ಲವರ ಬಳಿ ಒಂದು ಮಾತಿರುತ್ತದೆ. ಅದಕ್ಕೆ ಕರ್ತೃ ಇಲ್ಲ, ತಂದೆತಾಯಿ ಇಲ್ಲ, ಕೆಲಸ ಕಳೆದುಕೊಳ್ಳುವ ಭಯವೂ ಇಲ್ಲ. ಒರೆಸ್ಟ್ ಅದನ್ನೇ ಎತ್ತಿಕೊಂಡ. "ಏನೋ ತಾಂತ್ರಿಕ ದೋಷ ಇರ್ಬಹುದು."

"ಅಂದ್ರೆ ಗಾರ್ತ್ ಏನೋ ತಪ್ಪಾಗಿ ಒತ್ತಿದಾರೆ."

"ಹಾಗಂತಲ್ಲ..."

"ಹಾಗಲ್ದಿದ್ರೆ ಹೇಗೆ?"

ಗಾರ್ತ್ ಬಿಡಿಸಿದ ಕೀಲಿಕೈಯನ್ನು ಆಕೆಯ ಅಂಗೈಗಿಟ್ಟು, ತಲೆಯೆತ್ತಿ ಒರೆಸ್ಟನನ್ನು ನೋಡಿದ. ಬೇಡಿಕೆಯ ನೋಟವಲ್ಲ, ಸಿಟ್ಟಿನದೂ ಅಲ್ಲ. ಇವನಿಗೆ ಗೊತ್ತಿರಬೇಕು, ಬಲ್ಲವನು ಎಂಬ ನಂಬಿಕೆಯ ನೋಟ. ಆ ನಂಬಿಕೆ ಚಳಿಗಿಂತ ಜೋರಾಗಿ ಕಚ್ಚಿತು.

"ಅದು ಗಾರ್ತ್ ಅಲ್ಲ," ಎಂದ ಒರೆಸ್ಟ್. ಇಷ್ಟು ಹೇಳಿದ್ದು ಶೌರ್ಯವೇ. ಶೌರ್ಯ ಅಲ್ಲಿಗೇ ಖಾಲಿಯಾಯಿತು. "ಅದು... ನನ್ನ ಹೆಂಡತಿ."

"ಹೆಂಡತಿ ಏನು ಮಾಡಿದ್ಲಂತೆ?" ಎಂದಿತು ಬಾಗಿಲ ಬಳಿಯ ದನಿ.

ಎರಡು ದೊಡ್ಡ ಪೆರೋಗಿ ತಟ್ಟೆ ಹೊತ್ತು ಲೆಸ್ಯಾ ನಿಂತಿದ್ದಳು. ಮನೆ ಬೆಚ್ಚಗಾಗದೆ, ಹಿಟ್ಟು ಹೇಗೋ ಮುಗಿಸಿ, ರಿಂಕಿನ ಅಡುಗೆಮನೆಯಾದರೂ ಬೆಚ್ಚಗಿದ್ದೀತೆಂದು ಬಂದಿದ್ದಳು. ಇದ್ದದ್ದು ನಿಜವಾಗಿಯೂ ಬೆಚ್ಚಗೆ.

ಒರೆಸ್ಟ್ ತೊದಲುತ್ತ ವಿವರಿಸಿದ. ಲೆಸ್ಯಾ ಮಕ್ಕಳ ಉತ್ತರ ಪತ್ರಿಕೆ ನೋಡುವಂತೆ ಕೇಳಿಸಿಕೊಂಡಳು.

"ನನ್ನ ಲ್ಯಾಪ್‌ಟಾಪಿಗೆ ಆ ಫೈಲ್ ಹಾಕಿದ್ದು ಯಾರು?"

"ನಾನು."

"ಹಾಕಿದೀನಿ ಅಂತ ನಂಗೆ ಹೇಳಿದ್ದು?"

"ಹೇಳ್ಲಿಲ್ಲ."

"ಎರಡು ಡಬ್ಬಿಗೆ ಒಂದೇ ನಂಬರ್ ಕೊಟ್ಟಿದ್ದು?"

"ನಾನೇ."

"ಹಾಗಾದ್ರೆ ಲೆಕ್ಕ ಸರಿಯಾಗಿ ಮಾಡಿ ಇನ್ನೊಂದ್ಸಲ ಉತ್ತರ ಹೇಳು. ರಿಂಕ್ ಕರಗಿಸಿದ್ದು ಯಾರು?"

ಒರೆಸ್ಟ್ ಮಡಚಿದ ಪರದೆಯನ್ನು ಪೂರ್ತಿ ತೆರೆದು ಮ್ಯೂರಿಯಲ್ ಕಡೆ ತಿರುಗಿಸಿದ. "ನಾನು. ಬೆಳಿಗ್ಗೆಯೇ ಇವನು ವೈರು ಕೀಳ್ತೀನಿ ಅಂದಿದ್ದ, ಬೇಡ ಅಂದವನೂ ನಾನೇ. ಆ ಕೀಲಿಕೈ ಇವನಿಗೆ ವಾಪಸ್ ಕೊಡಿ."

ಮ್ಯೂರಿಯಲ್ ಪರದೆ ಓದಿದಳು. ಓದುತ್ತ ಓದುತ್ತ ಅವಳ ನೆಪ ಕಣ್ಣೆದುರೇ ಆವಿಯಾಯಿತು. ಕೀಲಿಕೈ ಗಾರ್ತನ ಕೈಗೆ ಮರಳಿತು. ಅವನು ಮೊದಲು ಮಾಡಿದ ಕೆಲಸ, ವೈರು ಕಿತ್ತದ್ದು. ಎರಡನೆಯದು, ರಿಂಕಿನ ದೊಡ್ಡ ಬಾಗಿಲುಗಳನ್ನು ಹಾರುಹೊಡೆದದ್ದು. ಹೊರಗಿನ ಮೂವತ್ತು ಡಿಗ್ರಿ ಶೈತ್ಯ ಯಾವ ಪಾಸ್‌ವರ್ಡನ್ನೂ ಕೇಳದೆ ಒಳಗೆ ನುಗ್ಗಿತು. ಕಚೇರಿಯ ತೆಳು ಬೂಟಿನಲ್ಲಿ ಒರೆಸ್ಟ್ ಬಾಗಿಲ ಗಾಳಿಯಲ್ಲಿ ನಿಂತು, ಹೆಪ್ಪುಗಟ್ಟುವ ಮೊದಲು ಅಂಚಿನ ನೀರು ಬಳಿದ. ಬಳಿಯುವಾಗ ಅವನ ಮೀಸೆಯೂ ಹೆಪ್ಪುಗಟ್ಟಿತು. ಸ್ವೆಟರ್ ಹಾಕ್ಕೊ ಎಂದು ಯಾರೂ ಹೇಳಲಿಲ್ಲ.

ಮರುದಿನ ಪಂದ್ಯ ನಡೆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹೊರಊರಿನ ತಂಡದ ನಾಯಕನೊಬ್ಬ, ಇಂಥ ಸಮನಾದ ಮಂಜುಗಡ್ಡೆ ಈ ವರ್ಷ ಎಲ್ಲೂ ಸಿಕ್ಕಿರಲಿಲ್ಲ ಎಂದು ಗಾರ್ತನ ಕೈ ಕುಲುಕಿದ.

"ಕರಗಿ ಮತ್ತೆ ಕಟ್ಟಿದ್ದಕ್ಕೇ ಇಷ್ಟು ಸಮ ಆಗಿರೋದು," ಎಂದ ಗಾರ್ತ್, ಗಂಭೀರವಾಗಿ ಪೆರೋಗಿ ಅಗಿಯುತ್ತ. "ಎಲ್ಲ ಲೆಸ್ಯಾಳ ಕೈಗುಣ. ಮುಂದಿನ ಸಲನೂ ಅವಳಿಗೇ ಹೇಳ್ಬೇಕು."

ಮ್ಯೂರಿಯಲ್‌ಗೆ ತಮಾಷೆ ಒಗ್ಗುವುದಿಲ್ಲ. ಹೊಗಳಿಕೆ ಎಲ್ಲಿಂದ ಬಂದರೂ ಒಗ್ಗುತ್ತದೆ. "ಒಳ್ಳೇ ಯೋಚನೆ. ಒರೆಸ್ಟ್, ಲೆಸ್ಯಾ ಅವರಿಗೆ ಮನೆಯಿಂದ್ಲೇ ರಿಂಕಿನ ಡಬ್ಬಿ ನೋಡ್ಕೊಳ್ಳೋ ಹಾಗೆ ಅಧಿಕೃತವಾಗಿ ಒಂದು ವ್ಯವಸ್ಥೆ ಮಾಡ್ಕೊಡಿ. ನಿಮ್ಮ ಹೆಸರಲ್ಲಲ್ಲ, ಅವರ ಹೆಸರಲ್ಲೇ."

ಮೇಜಿನ ಸುತ್ತ ಕೂತವರೆಲ್ಲ ಲೆಸ್ಯಾಳತ್ತ ತಿರುಗಿದರು. ಬಾಯಿ ತುಂಬ ಪೆರೋಗಿ ಇಟ್ಟುಕೊಂಡಿದ್ದ ಒರೆಸ್ಟ್ ಅಗಿಯುವುದನ್ನು ನಿಲ್ಲಿಸಿದ.

"ರಿಂಕಿನ ಡಬ್ಬಿಯೊಳಗೆ ನನ್ನನ್ನ ಯಾರೂ ತಡೀಲೇ ಇಲ್ಲ ಮ್ಯೂರಿಯಲ್," ಎಂದಳು ಲೆಸ್ಯಾ, ಖಾಲಿ ತಟ್ಟೆ ಎತ್ತಿಕೊಳ್ಳುತ್ತ. "ಆಗೋದಾದ್ರೆ ನನ್ನ ಮನೆಯ ಡಬ್ಬಿಯೊಳಗೆ ಹೋಗೋಕೆ ಒಂದು ಅನುಮತಿ ಕೊಡಿಸಿ."