ಅಡುಗೆಮನೆಯ ಗೋಡೆಯ ಪುಟ್ಟ ಅಂಗೈ

ನಾನು ಮನೆ ಅಳಿಯ. ಆದರೂ ಊರಾಚೆಯ ಈ ಕೆಂಪು ಇಟ್ಟಿಗೆ ಮನೆಯ ಇತಿಹಾಸ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. (ನನ್ನ ಹೆಂಡತಿ ಇಲ್ಲೇ ಹುಟ್ಟಿ ಬೆಳೆದವಳು, ನಿಜ. ಅವಳಿಗೆ ಇಲ್ಲಿ ಬದುಕಿ ಗೊತ್ತು, ಅಷ್ಟೆ.) ಮನೆಗೆ ಬಂದವರಿಗೆ ತಲೆಬಾಗಿಲ ಕಮಾನು, ಎರಡು ಮೊಳ ದಪ್ಪದ ಗೋಡೆ ಎಲ್ಲ ತೋರಿಸಿ, ಕೊನೆಗೆ ಅಡುಗೆಮನೆಗೆ ಕರೆತಂದು ನಿಲ್ಲಿಸುತ್ತಿದ್ದೆ. ಅಲ್ಲಿ ಮಸಿ ಹಿಡಿದ ಗೋಡೆಯ ಗಾರೆಯಲ್ಲಿ ಪುಟ್ಟದೊಂದು ಅಂಗೈಯ ಗುರುತು.

"ಇನ್ನೂರು ವರ್ಷದ ಹಿಂದೆ ಈ ಮನೆ ಕಟ್ಟಿದ ಮೇಸ್ತ್ರಿಯ ಮಗಳ ಕೈ ಇದು," ಎಂದು ದನಿ ತಗ್ಗಿಸುತ್ತಿದ್ದೆ. ಬಂದವರ ಕಣ್ಣಲ್ಲಿ ನೀರು. (ಸೌದೆ ಒಲೆಯ ಹೊಗೆಗೂ ಬಂದಿರಬಹುದು.)

ಆ ಹೊಗೆಯೇ ನಮ್ಮ ಜಗಳದ ಮೂಲ. ಆ ಗೋಡೆಗೊಂದು ಕಿಟಕಿ ಬೇಕೆಂದು ಹನ್ನೆರಡು ವರ್ಷದಿಂದ ಹೆಂಡತಿಯ ಹಟ.

"ಕೆಮ್ಮಿ ಕೆಮ್ಮಿ ಸಾಕಾಯ್ತು ರೀ. ಒಂದು ಕಿಟಕಿ ಇಡಿಸಿ."

"ಇತಿಹಾಸಕ್ಕೆ ತೂತು ಕೊರೀಲಾ? ಆ ಮಗೂ ಕೈ ಗತಿ ಏನು?"

"ಅಯ್ಯೋ, ಆ ಕೈ ವಿಷಯಾನೇ ನಾನು..."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಕೊನೆಗೆ ಹಳೆಯ ಕಟ್ಟಡಗಳ ಪಂಡಿತರೊಬ್ಬರನ್ನು ಕರೆಸಿದೆ. ಅವರ ಎದುರಿಗೇ ನನ್ನ ಭೀಷಣ ಪ್ರತಿಜ್ಞೆ: ಗೋಡೆ ಹಳೆಯದಾದರೆ ಕಿಟಕಿಯ ಸೊಲ್ಲೆತ್ತಕೂಡದು; ಹೊಸದಾದರೆ ನಾನೇ ಕೈಯಾರೆ ಒಡೆಯುತ್ತೇನೆ.

ಪಂಡಿತರು ಮನೆಯನ್ನೆಲ್ಲ ತಟ್ಟಿ ನೋಡಿ, "ಭಲೇ, ಅಪ್ಪಟ ಸುಣ್ಣದ ಗಾರೆ," ಎಂದರು. ನಾನು ಹೆಂಡತಿಯತ್ತ ತಿರುಗಿ ಮೀಸೆ ತೀಡಿದೆ. ಆಮೇಲೆ ಅವರು ಅಡುಗೆಮನೆಯ ಗೋಡೆಯ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅಂಗೈ ಗುರುತಿನ ಮೇಲ್ಗಡೆ ಇಟ್ಟಿಗೆಯ ಕಮಾನೊಂದು ಕಣ್ಣು ಬಿಟ್ಟಿತು.

"ಕಮಾನಿನ ಕೆಳಗಿರೋದು ಸಿಮೆಂಟು ಸ್ವಾಮಿ. ಇಲ್ಲಿ ದೊಡ್ಡ ಕಿಟಕಿ ಇತ್ತು. ಯಾರೋ ಮುಚ್ಚಿಸಿದಾರೆ. ಹೆಚ್ಚು ಅಂದ್ರೆ ಮೂವತ್ತೈದು ವರ್ಷ ಆಗಿರಬಹುದು."

"ಹಾಗಾದ್ರೆ ಈ ಕೈ?"

"ನಂದೇ," ಎಂದಳು ಹೆಂಡತಿ, ಸೌಟು ಕೆಳಗಿಡದೆ. "ಕಿಟಕಿ ಹಾರಿ ಆಚೆ ಓಡ್ತೀನಿ ಅಂತ ಅಪ್ಪ ಮುಚ್ಚಿಸಿದ್ರು. ಸಿಟ್ಟಿಗೆ ಹಸಿ ಸಿಮೆಂಟಿಗೆ ಒಂದೇಟು ಬಿಗಿದಿದ್ದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಿಟ್ರಾ?"

ಮೂರು ದಿನ ಸುತ್ತಿಗೆ ಹಿಡಿದೆ. ಅಂಗೈಯಲ್ಲಿ ಐದು ಬೊಬ್ಬೆ. ಈಗ ಅಡುಗೆಮನೆ ತುಂಬ ಗಾಳಿ, ಬೆಳಕು. ಬಂದವರಿಗೆ ಮನೆ ತೋರಿಸುವವಳು ಹೆಂಡತಿ. ಕೊನೆಗೆ ಕಿಟಕಿಯ ಬಳಿ ನಿಂತು, ದನಿ ತಗ್ಗಿಸಿ, ಪಾತ್ರೆ ಒರೆಸುತ್ತಿರುವ ನನ್ನತ್ತ ಕೈ ತೋರಿಸುತ್ತಾಳೆ: "ಹನ್ನೆರಡು ವರ್ಷ ಈ ಕಿಟಕಿ ತೆಗೆಯೋಕೆ ಬಿಡದೆ ಕಾದವರು ಇವರೇ."

ಮೊನ್ನೆ ಬಂದ ಅಜ್ಜಿಯೊಬ್ಬರು ನನ್ನ ಬೆನ್ನು ತಟ್ಟಿ ನೋಡಿದರು, ಥೇಟ್ ಪಂಡಿತರು ಗೋಡೆ ತಟ್ಟಿದ ಹಾಗೆ.

"ಅದು ಹಾಗಲ್ಲ ಅಜ್ಜಿ, ನಿಜವಾದ ಇತಿಹಾಸ ಏನಂದ್ರೆ..." ಎಂದು ಬಾಯಿ ತೆರೆದೆ.

"ನಿಂಗೆ ಗೊತ್ತಾಗಲ್ಲ, ಸುಮ್ನಿರಪ್ಪ," ಎಂದರು ಅಜ್ಜಿ. "ಹೂಂ, ನೀನು ಹೇಳು ಮಗಳೇ."